ಕೂಲಿನ ರಾಗೀಲಿ ಅಳೆದು ನೋಡಿ



ಮೊನ್ನೆ ಅರಳೀಕಟ್ಟೆ ಹತ್ರ ನಮ್ಮೂರಿನ ಕೆಲವರು ಸೇರಿ, ಈ ಸಲ ರಾಗಿ ಕೊಯ್ಲಿಗೆ ಹೆಣ್ಣಾಳಿಗೆ 350ರ ಮೇಲೆ ಯಾರೂ ಕೊಡಬಾರದು ಅಂತ ತೀರ್ಮಾನ ಮಾಡಿದ್ರು. ಅವರು ಕೇಳ್ತಿರೋದು 400. ನಾನು ಒಪ್ಪಲಿಲ್ಲ. ಕೆಲವರಿಗೆ ಬೇಜಾರಾಗಿದೆ, ಅದಕ್ಕೇ ನನ್ನ ಲೆಕ್ಕ ಇಲ್ಲಿ ಬರೀತಿದ್ದೀನಿ.

ನಮ್ಮಪ್ಪ ಕೊಯ್ಲಿನ ಕೂಲಿ ದುಡ್ಡಲ್ಲಿ ಕೊಡ್ತಿರಲಿಲ್ಲ. ಸಂಜೆ ಜಗಲಿ ಮೇಲೆ ಸೇರಲ್ಲಿ ರಾಗಿ ಅಳೆದು ಸೆರಗಿಗೆ ಹಾಕ್ತಿದ್ರು. ಅಂಗಡೀಲಿ ಬೆಲೆ ಏರಲಿ ಇಳಿಯಲಿ, ಆಳಿನ ಮನೇಲಿ ಮುದ್ದೆಗೆ ಮೋಸ ಇರಲಿಲ್ಲ. ನಾನೂ ಹಾಗೇ ಅಳೆದು ನೋಡಿದೆ.

2014-15ರಲ್ಲಿ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ 1,550 ರೂಪಾಯಿ. ಆಗ ನಾನು ಹೆಣ್ಣಾಳಿಗೆ ಕೊಟ್ಟಿದ್ದು 150, ಅಂದ್ರೆ ಒಂಬತ್ತೂವರೆ ಕೆ.ಜಿ. ರಾಗಿ. 2025-26ರ ಬೆಂಬಲ ಬೆಲೆ 4,886. ಈಗಿನ 400 ರೂಪಾಯಿಗೆ ಎಂಟೇ ಕೆ.ಜಿ. ಬರುತ್ತೆ. 350 ಕೊಟ್ರೆ ಏಳು. ನರೇಗಾ ಕೂಲಿನೂ ಅಷ್ಟೇ: ಆಗ 191, 2025-26ರಲ್ಲಿ 370. ಹನ್ನೆರಡು ಕೆ.ಜಿ. ಇದ್ದದ್ದು ಏಳೂವರೆಗೆ ಇಳಿದಿತ್ತು.

"ಬೆಂಬಲ ಬೆಲೆ ನಮಗೆಲ್ಲಿ ಸಿಗುತ್ತೆ?" ಅಂತೀರಿ. ನಿಜ. ಸಾಲಗಾರ ಬಾಗಿಲಲ್ಲಿ ನಿಂತಾಗ ಸಿಕ್ಕ ರೇಟಿಗೆ ಮಾರಿದವನು ನಾನೂ ಒಬ್ಬ. ಆದ್ರೆ ಆ ಜಗಳ ವ್ಯಾಪಾರಿ ಜೊತೆ, ಸರ್ಕಾರದ ಜೊತೆ ಆಡಬೇಕಾದ್ದು. ಕುಡುಗೋಲು ಹಿಡಿದವಳ ಜೊತೆ ಅಲ್ಲ.

ಅಪ್ಪನ ಕಾಲದಲ್ಲಿ ಬೀಜ ಮನೇದು, ಗೊಬ್ಬರ ತಿಪ್ಪೇದು, ಉಳುಮೆ ಎತ್ತಿಂದು. ಈಗ ಟ್ರ್ಯಾಕ್ಟರ್ ಬಾಡಿಗೆಯಿಂದ ಮೊಬೈಲ್ ರೀಚಾರ್ಜ್ ತನಕ ಎಲ್ಲಾ ದುಡ್ಡಿಗೇ. ನಮಗೆ ಹೇಗೋ ಆಳಿನ ಮನೆಗೂ ಹಾಗೇ. ಅವಳಿಗೂ ಸಿಲಿಂಡರ್, ಮಗಳ ಕಾಲೇಜು, ಆಸ್ಪತ್ರೆ ಇದ್ದೇ ಇದೆ.

ನನ್ನ ಮಗ ಬೆಂಗಳೂರಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗ್ತಾನೆ. ಸಂಬಳ 18,000, ರೂಮು ಬಾಡಿಗೆಗೇ 6,000. ಫೋನ್ ಮಾಡಿದಾಗೆಲ್ಲ "ಸಂಬಳ ಜಾಸ್ತಿ ಕೇಳೋ" ಅಂತೀನಿ. ಅವನಿಗೆ ಕೇಳು ಅಂದ ಬಾಯಲ್ಲೇ ಇವಳಿಗೆ ಕೇಳಬೇಡ ಅನ್ನೋದು ಹೇಗೆ?

ನಾನು 400 ಕೊಡ್ತೀನಿ. ಕೈಯಲ್ಲಿ ಆಗದವರು ಮುಯ್ಯಾಳು ಮಾಡ್ಕೊಳ್ಳೋಣ, ನಾನೂ ಬರ್ತೀನಿ. ಫ್ರೂಟ್ಸ್ ಐಡಿ ಇಲ್ಲದವರು ಈಗಲೇ ಮಾಡಿಸಿ, ನೋಂದಣಿ ಶುರುವಾದಾಗ ಹೆಸರು ಬರೆಸಿ. ಒಗ್ಗಟ್ಟು ತೋರಿಸೋದಿದ್ರೆ ಖರೀದಿ ಕೇಂದ್ರದ ಮುಂದೆ ತೋರಿಸೋಣ.

ನಿಮ್ಮೂರಲ್ಲಿ ಎಷ್ಟು ನಡೀತಿದೆ? ತಿಳಿಸಿ.