ಅಚ್ಚಿಗೆ ಹೂಮಾಲೆ, ಅಚ್ಚು ಹಾಕುವ ಕೈಗೆ ಬರಿಯ ಬಾಯಿಮಾತು

ಬಟ್ಟೆಯ ಮೇಲೆ ಅಚ್ಚು ಹಾಕುವ ಹಳೆಯ ಕಾರ್ಯಾಗಾರಗಳನ್ನು ಕೊಂಡಾಡಿ ಪ್ರದರ್ಶನ ಏರ್ಪಡಿಸುವುದು, ದೀಪ ಬೆಳಗಿಸಿ ಭಾಷಣ ಬಿಗಿಯುವುದು, ಪಟ ತೆಗೆಸಿಕೊಂಡು ಮನೆಗೆ ಹೋಗುವುದು ದೊಡ್ಡವರಿಗೆ ರೂಢಿಯಾಗಿದೆ. ಕಲೆಯನ್ನು ಗೌರವಿಸುವುದಕ್ಕೆ ನಮ್ಮ ತಕರಾರಿಲ್ಲ. ಆದರೆ ಅಚ್ಚನ್ನು ಗೋಡೆಗೆ ತೂಗುಹಾಕಿ, ಅದನ್ನು ಹಾಕಿದ ಕೈಯಿಂದ ಕೆಲಸ ಕಸಿಯುವುದು ಯಾವ ಸೀಮೆಯ ಗೌರವವೆಂದು ನಾವು ಕೇಳುತ್ತೇವೆ.

ಹುಬ್ಬಳ್ಳಿಯ ಬೆಂಗೇರಿಯನ್ನೇ ನೋಡಿರಿ. 1957ರ ನವೆಂಬರ್ 1ರಂದು ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ರಾಷ್ಟ್ರಧ್ವಜ ಘಟಕ ಅಲ್ಲಿದೆ. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಅಲ್ಲಿಗೆ ಬರುತ್ತದೆ. ಚೌಕಟ್ಟಿಗೆ ಬಿಗಿದ ಜಾಲರಿಯ ಮೂಲಕ ನೀಲಿ ಬಣ್ಣ ಎಳೆದು, 24 ಗೆರೆಗಳ ಅಶೋಕ ಚಕ್ರವನ್ನು ಬಿಳಿ ಪಟ್ಟಿಯ ಎರಡೂ ಮೈಗೆ ಒತ್ತುತ್ತಾರೆ. ಒಂದು ಮೈಯ ಚಕ್ರ ಇನ್ನೊಂದರ ಮೇಲೆ ಸರಿಯಾಗಿ ಕೂರಬೇಕು. ಮಾನಕ ಬ್ಯೂರೋದ ಅಳತೆ ತಪ್ಪಿದರೆ ಧ್ವಜ ತಿರಸ್ಕೃತ. ಆಮೇಲೆ ಮೂರು ಪಟ್ಟಿಗಳನ್ನು ಕೂಡಿಸಿ ಹೊಲಿಯುತ್ತಾರೆ. ಇದನ್ನೆಲ್ಲ ಮಾಡುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಇವರಿಗೆ ಸರ್ಕಾರ ಕೊಟ್ಟ ಉಡುಗೊರೆ ಯಾವುದು? 2021ರ ಡಿಸೆಂಬರ್ 30ರಂದು ಕೇಂದ್ರವು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಬಾವುಟಕ್ಕೆ ಬಾಗಿಲು ತೆರೆಯಿತು. 2022ರ ಆಗಸ್ಟ್‌ನಲ್ಲಿ ಮನೆಮನೆಗೆ ತಿರಂಗಾ ಎಂದು ಡಂಗುರ ಸಾರಿ, ಆ ಬಾವುಟಕ್ಕೂ ಜಿಎಸ್‌ಟಿ ವಿನಾಯಿತಿ ದಯಪಾಲಿಸಿತು. ತಿದ್ದುಪಡಿ ಹಿಂದಕ್ಕೆ ಪಡೆಯಿರೆಂದು ಬೆಂಗೇರಿಯ ಸಂಘ ಮೊರೆಯಿಟ್ಟಿತು. ಕೇಳುವ ಕಿವಿ ದಿಲ್ಲಿಯಲ್ಲಿರಲಿಲ್ಲ.

ಹೊರದೇಶದ ಒಂದು ಮಾತು ಇಲ್ಲಿ ನೆನಪಿಗೆ ಬರುತ್ತದೆ. 1968ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಕಲಾಶಾಲೆಯನ್ನು ವಶಪಡಿಸಿಕೊಂಡ ವಿದ್ಯಾರ್ಥಿಗಳು ಇದೇ ಜಾಲರಿ ಅಚ್ಚಿನಿಂದ ಮುಷ್ಕರದ ಭಿತ್ತಿಪತ್ರಗಳನ್ನು ಒತ್ತಿದರು. ಇವು ಬೀದಿಗೆ, ಕಾರ್ಖಾನೆಯ ಗೋಡೆಗೆ ಸೇರಿದವು, ಶ್ರೀಮಂತರ ಅಲಂಕಾರಕ್ಕಲ್ಲ ಎಂದು ಅವರೇ ಸಾರಿದ್ದರು. ಇಂದು ಅವು ವಸ್ತುಸಂಗ್ರಹಾಲಯಗಳ ಸೊತ್ತು. ಉಳ್ಳವರ ಉಪಾಯವೇ ಇದು: ಜೀವಂತ ಕಸುಬನ್ನು ಮೊದಲು ಒಣಗಿಸುವುದು, ಬಳಿಕ ಗಾಜಿನೊಳಗಿಟ್ಟು ಕೈಮುಗಿಯುವುದು.

ಪಾಲಿಯೆಸ್ಟರ್ ಅಗ್ಗ, ಬಡವನ ಕೈಗೂ ಎಟಕುತ್ತದೆ, ಕೈಮಗ್ಗ ಅಷ್ಟು ಬಾವುಟ ಎಲ್ಲಿಂದ ತಂದೀತು ಎಂದು ಕೆಲವರು ವಾದಿಸುತ್ತಾರೆ. ಮೂರು ದಿನದಲ್ಲಿ ಕೋಟಿಗಟ್ಟಲೆ ಧ್ವಜವನ್ನು ಕೈಮಗ್ಗ ಕೊಡಲಾರದೆಂಬುದು ನಿಜ. ಹಾಗಾದರೆ ವರ್ಷವಿಡೀ ಬೇಡಿಕೆ ಕೊಡಲು ಏನಡ್ಡಿ? ಬಡವನ ಮೇಲೆ ಅಷ್ಟು ಮಮತೆಯಿದ್ದರೆ ಖಾದಿ ಧ್ವಜಕ್ಕೆ ಸಹಾಯಧನ ಕೊಡಬಹುದಿತ್ತಲ್ಲ! ಲಡಿಯ ಲೆಕ್ಕದಲ್ಲಿ ಕೂಲಿ ಪಡೆದು ನೂಲುವವಳು ಬಡವಳಲ್ಲವೇ?

ರಾಯಚೂರು ಸೀಮೆಯ ನಮಗೆ ಈ ಬಾವುಟ ಅಗ್ಗವಾಗಿ ದೊರೆತದ್ದಲ್ಲ. 1947ರ ಆಗಸ್ಟ್ 15ರಂದು ಸ್ವಾಮಿ ರಾಮಾನಂದ ತೀರ್ಥರನ್ನು ನಿಜಾಮ ಸರ್ಕಾರ ಸೆರೆಹಿಡಿಯಿತು. ಇಲ್ಲಿ ಅದು ನಿರ್ಭಯವಾಗಿ ಹಾರಲು 1948ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಅಂಥ ನೆಲದ ರೈತ, ಹತ್ತಿ ಬೆಳೆಯುವ ರೈತ, ಎಣ್ಣೆಯಿಂದ ತೆಗೆದ ನೂಲಿನ ಬಾವುಟಕ್ಕೆ ನಮಸ್ಕರಿಸಬೇಕೇ?

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ. ತಿದ್ದುಪಡಿ ರದ್ದಾಗಲಿ. ರಾಜ್ಯದ ಪ್ರತಿಯೊಂದು ಕಚೇರಿ, ಶಾಲೆ, ಪಂಚಾಯಿತಿ ಖಾದಿ ಧ್ವಜವನ್ನೇ ಕೊಳ್ಳಲಿ. ನೂಲುವವರ, ನೇಯುವವರ, ಅಚ್ಚು ಹಾಕುವವರ ಕೂಲಿ ಏರಲಿ. ಪೋತ್ನಾಳದ ಬಂಧುಗಳೇ, ಬೇರೆಯವರಿಗಾಗಿ ಕಾಯಬೇಡಿರಿ. ಮುಂದಿನ ಗ್ರಾಮಸಭೆಯಲ್ಲಿಯೇ ಈ ಠರಾವು ಮಂಡಿಸಿರಿ. ಬೆಂಗೇರಿಯ ಮೇಜಿನ ಮೇಲೆ ಚಕ್ರ ಒತ್ತುವ ಕೈಗೆ ಕೆಲಸವಿರುವ ದಿನ ಪ್ರದರ್ಶನ ಇಡಿರಿ. ನಾವೇ ಬಂದು ಚಪ್ಪಾಳೆ ತಟ್ಟುತ್ತೇವೆ.