ಮೈಸೂರಿನ ಹಾಡು ಮನೆ ಸೇರಲು ಲಂಡನ್ ಸುತ್ತಬೇಕೆ?

ಅಮೆರಿಕದ ಗಾಯಕ ಡಿಆಂಜೆಲೊ 2025ರ ಅಕ್ಟೋಬರ್ 14ರಂದು, ತಮ್ಮ 51ನೇ ವಯಸ್ಸಿನಲ್ಲಿ ನಿಧನರಾದರು. ಕನ್ನಡಿಗರಲ್ಲಿ ಬಹುಮಂದಿಗೆ ಇದು ಅಪರಿಚಿತ ಹೆಸರು. ಆದರೆ ಅವರು ಹಿಡಿದ ದಾರಿ ಅಷ್ಟೇನೂ ಅಪರಿಚಿತವಲ್ಲ. ವರ್ಜೀನಿಯಾದ ರಿಚ್ಮಂಡ್ ನಗರದಲ್ಲಿ ಧರ್ಮಬೋಧಕರ ಮನೆಯಲ್ಲಿ ಹುಟ್ಟಿ, ಚರ್ಚಿನಲ್ಲಿ ಪಿಯಾನೊ ನುಡಿಸುತ್ತ ಬೆಳೆದ ಹುಡುಗ, ಅಜ್ಜನ ಕಾಲದ ಕರಿಯರ ಭಕ್ತಿಗಾನವನ್ನೂ ತಂದೆಯ ಕಾಲದ ಸೋಲ್ ಸಂಗೀತವನ್ನೂ ತನ್ನ ಕಾಲದ ಹಿಪ್‌ಹಾಪ್ ತಾಳಕ್ಕೆ ಹೊಂದಿಸಿದ. 1995ರಲ್ಲಿ ಹೊರಬಂದ ಅವರ ‘ಬ್ರೌನ್ ಶುಗರ್’, 1997ರಲ್ಲಿ ಬಂದ ಎರಿಕಾ ಬಾಡು ಅವರ ‘ಬಾಡುಯಿಸಂ’, ಮರುವರ್ಷ ಬಂದ ಲಾರಿನ್ ಹಿಲ್ ಅವರ ಆಲ್ಬಮ್ ಇವೆಲ್ಲ ಸೇರಿ ಒಂದು ಪ್ರಕಾರವೇ ರೂಪುಗೊಂಡಿತು. ಮಾರುಕಟ್ಟೆಯವರು ಅದಕ್ಕೆ ‘ನಿಯೋ ಸೋಲ್’ ಎಂದು ಹೆಸರಿಟ್ಟರು. ಹೆಸರು ಹೊಸದು, ಸರಕು ಹಳೆಯದು. ಹಳೆಯ ಆರ್ತತೆಗೆ ಹೊಸ ವಾದ್ಯಗಳ ಆಸರೆ ಎಂಬುದೇ ಅದರ ತಿರುಳು.

ಈ ಪ್ರಕಾರಕ್ಕೆ ಕನ್ನಡದಲ್ಲಿ ಸಮೀಪದ ಉದಾಹರಣೆ ಹುಡುಕುವವರ ಬೆರಳು ತಾನಾಗಿಯೇ ಮೈಸೂರಿನತ್ತ ಹೊರಳುತ್ತದೆ. 1819ರಲ್ಲಿ ಹುಟ್ಟಿ 1889ರಲ್ಲಿ ಕಾಲವಾದ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿಗೆ ಕಟ್ಟಿ ಬ್ರಿಟನ್ನಿನ ಉತ್ಸವಗಳಲ್ಲಿ ಹಾಡಿದ ರಘು ದೀಕ್ಷಿತ್ ಬೆಳೆದದ್ದು ಇದೇ ಊರಿನಲ್ಲಿ. ಅವರನ್ನು ನಿಯೋ ಸೋಲ್ ಗಾಯಕ ಎಂದು ಯಾರೂ ಕರೆಯುವುದಿಲ್ಲ. ಪತ್ರಿಕೆಗಳು ‘ಫೋಕ್ ರಾಕ್’ ಎನ್ನುತ್ತವೆ. ಹಣೆಪಟ್ಟಿ ಏನೇ ಇರಲಿ, ಅವರ ವೃತ್ತಿಜೀವನವನ್ನು ಸಾಲಾಗಿ ಜೋಡಿಸಿ ನೋಡಿದರೆ ಒಂದು ಕಹಿ ಸಂಗತಿ ಎದ್ದು ಕಾಣುತ್ತದೆ. ಸಿನಿಮಾದ ಹೊರಗೆ ಹುಟ್ಟಿದ ಕನ್ನಡ ಹಾಡೊಂದಕ್ಕೆ ಕನ್ನಡನಾಡಿನಲ್ಲಿ ಮೊದಲ ಬಾಗಿಲು ತೆರೆಯಲಿಲ್ಲ. ಮುಂಬೈ ತೆರೆಯಿತು, ಲಂಡನ್ ಹಾರ ಹಾಕಿತು, ಆಮೇಲೆ ಬೆಂಗಳೂರು, ಮೈಸೂರು ಚಪ್ಪಾಳೆ ತಟ್ಟಿದವು.

ದೀಕ್ಷಿತ್ ಹುಟ್ಟಿದ್ದು 1974ರ ನವೆಂಬರ್ 11ರಂದು ನಾಸಿಕದಲ್ಲಿ. ಬಾಲ್ಯ, ಓದು ಎಲ್ಲ ಮೈಸೂರಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಿಂದ ಸೂಕ್ಷ್ಮಜೀವಿವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ, ಜೊತೆಗೆ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ಗಿಟಾರು ಕೈಗೆ ಬಂದದ್ದು ತಡವಾಗಿ, ಅದೂ ಒಂದು ಪಂದ್ಯದಿಂದ. ಹುಡುಗನಾಗಿ ನೃತ್ಯ ಮಾಡುವುದನ್ನು ಸಹಪಾಠಿಯೊಬ್ಬ ಗೇಲಿ ಮಾಡಿದಾಗ, ಎರಡು ತಿಂಗಳಲ್ಲಿ ಗಿಟಾರು ಕಲಿತು ತೋರಿಸುತ್ತೇನೆಂದು ಸವಾಲು ಹಾಕಿದ್ದಾಗಿ ಅವರೇ ಹಲವು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಗೇಲಿಗೊಳಗಾದ ಆ ನೃತ್ಯವನ್ನು ಅವರು ಬಿಟ್ಟುಕೊಡಲಿಲ್ಲ ಎಂಬುದು ಗಮನಾರ್ಹ. ಬಣ್ಣದ ಲುಂಗಿ, ಬರಿಗಾಲು, ಕಾಲಲ್ಲಿ ಗೆಜ್ಜೆ – ಪಾಶ್ಚಾತ್ಯ ಪ್ರೇಕ್ಷಕರಿಗೆ ವಿಲಕ್ಷಣವಾಗಿ ಕಂಡಿರಬಹುದಾದ ಈ ವೇಷ ನೃತ್ಯಾಭ್ಯಾಸದ ಮನೆಯಿಂದ ಬಂದದ್ದು.

ಗಿಟಾರು, ತತ್ವಪದ, ಗೆಜ್ಜೆಗಳ ಈ ಮಿಶ್ರಣ ಮೈಸೂರಿಗೆ ವಿಚಿತ್ರವೇನಲ್ಲ. ಕರ್ನಾಟಕ ಸಂಗೀತದ ಭದ್ರಕೋಟೆ ಎಂದು ಈ ಊರನ್ನು ಹೊಗಳುವವರು ಅರಮನೆಯ ಇನ್ನೊಂದು ಮಗ್ಗುಲನ್ನು ಮರೆಯುತ್ತಾರೆ. ಜಯಚಾಮರಾಜ ಒಡೆಯರ್ ಸ್ವತಃ ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದವರು. ಅದೇ ಅರಸರು ರಷ್ಯಾ ಮೂಲದ ನಿಕೊಲಾಯ್ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳನ್ನು ಧ್ವನಿಮುದ್ರಿಸಲು 1940ರ ದಶಕದಲ್ಲಿ ಹಣ ಕೊಟ್ಟು, ಲಂಡನ್ನಿನ ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಆಗಿದ್ದರು. ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಬಿಡಾರಂ ಕೃಷ್ಣಪ್ಪನವರ ಶಿಷ್ಯ ಟಿ. ಚೌಡಯ್ಯನವರು ಪರದೇಶಿ ಪಿಟೀಲಿಗೆ ಏಳು ತಂತಿ ಬಿಗಿದು ಅದನ್ನು ತಮ್ಮದಾಗಿಸಿಕೊಂಡವರು. ಹೊರಗಿನದನ್ನು ಒಳಕ್ಕೆ ಕರೆದು ಕೂರಿಸಿಕೊಳ್ಳುವುದು ಈ ಊರಿನ ಹಳೆಯ ರೂಢಿ. ಆಗ ಅದಕ್ಕೆ ಅರಮನೆಯ ಖಜಾನೆ ಇತ್ತು ಎಂಬುದಷ್ಟೇ ವ್ಯತ್ಯಾಸ.

1990ರ ದಶಕದ ಕೊನೆಯಲ್ಲಿ ದೀಕ್ಷಿತ್ ಬೆಲ್ಜಿಯಂನ ಔಷಧ ಕಂಪನಿಯೊಂದರಲ್ಲಿ ಉದ್ಯೋಗಿಯಾಗಿದ್ದರು. ಅಲ್ಲಿನ ರೇಡಿಯೊದಲ್ಲಿ ಹಾಡಲು ಸಿಕ್ಕ ಅವಕಾಶ ಅವರ ಮನಸ್ಸನ್ನು ತಿರುಗಿಸಿತು. ಉದ್ಯೋಗ ಬಿಟ್ಟು ಊರಿಗೆ ಮರಳಿ, ಪಿಟೀಲುವಾದಕ ಎಚ್.ಎನ್. ಭಾಸ್ಕರ್ ಮತ್ತಿತರರೊಂದಿಗೆ ‘ಅಂತರಾಗ್ನಿ’ ತಂಡ ಕಟ್ಟಿದರು. ಅಲ್ಲಿಂದ ಮೊದಲ ಆಲ್ಬಮ್ ಹೊರಬರುವವರೆಗೆ ಸವೆದ ವರ್ಷಗಳು ಎಂಟಕ್ಕೂ ಹೆಚ್ಚು. ಧ್ವನಿಮುದ್ರಿಕೆ ಕಂಪನಿಗಳು ಒಂದಾದ ಮೇಲೊಂದರಂತೆ ಹಾಡುಗಳನ್ನು ತಿರಸ್ಕರಿಸಿದವು. ಒಂದೇ ತಟ್ಟೆಯಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಇದ್ದರೆ ಅದನ್ನು ಯಾವ ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದು? ಕಂಪನಿಗಳ ಲೆಕ್ಕಾಚಾರ ಅವುಗಳ ಮಟ್ಟಿಗೆ ಸರಿಯೇ ಇದ್ದಿರಬೇಕು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಕನ್ನಡದಲ್ಲಿ ಚಿತ್ರಗೀತೆಯಲ್ಲದ ಹಾಡಿಗೆ ಮಾರುಕಟ್ಟೆಯೇ ಇರಲಿಲ್ಲ ಎನ್ನುವಂತಿಲ್ಲ. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿ, ಶಿವಮೊಗ್ಗ ಸುಬ್ಬಣ್ಣ, ಸಿ. ಅಶ್ವತ್ಥ್ – ಈ ಪರಂಪರೆ ಕವಿತೆಯನ್ನು ಮನೆಮನೆಗೆ ಮುಟ್ಟಿಸಿತು. ಕ್ಯಾಸೆಟ್ಟಿನ ಕಾಲದಲ್ಲಿ ಭಾವಗೀತೆ ಒಂದು ಉದ್ಯಮವೇ ಆಗಿತ್ತು. ಹಳೇ ಮೈಸೂರಿನ ಮಧ್ಯಮವರ್ಗದ ಮನೆಗಳಿಗೆ ಧಾರವಾಡ ಸೀಮೆಯ ಶರೀಫರ ಪದಗಳು ಬಂದಿಳಿದದ್ದು ಮುಖ್ಯವಾಗಿ ಅಶ್ವತ್ಥರ ಕಂಠದಿಂದ. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ‘ಸಂತ ಶಿಶುನಾಳ ಶರೀಫ’ ಚಿತ್ರ ಆ ಜನಪ್ರಿಯತೆಗೆ ಮುದ್ರೆಯೊತ್ತಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥ್ ನಡೆಸಿದ ‘ಕನ್ನಡವೇ ಸತ್ಯ’ಕ್ಕೆ ಸೇರಿದ ಜನಸಾಗರ ಈಗಲೂ ಮಾತಾಗುತ್ತದೆ. ಆದರೆ ಅಷ್ಟರಲ್ಲಿ ಕ್ಯಾಸೆಟ್ಟು ಕೊನೆಯುಸಿರೆಳೆಯುತ್ತಿತ್ತು. 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ, ಅಶ್ವತ್ಥ್ ತೀರಿಕೊಂಡರು. ಎಫ್‌ಎಂ ಕೇಂದ್ರಗಳು ಅದಾಗಲೇ ಚಿತ್ರಗೀತೆಗಳಿಗೆ ತಮ್ಮನ್ನು ಒಪ್ಪಿಸಿಕೊಂಡಿದ್ದವು. ಸುಗಮ ಸಂಗೀತ ಸಭಾಂಗಣಕ್ಕೆ, ಶಾಲಾ ವಾರ್ಷಿಕೋತ್ಸವಕ್ಕೆ, ರಾಜ್ಯೋತ್ಸವದ ವೇದಿಕೆಗೆ ಸರಿಯಿತು.

ದೀಕ್ಷಿತ್ ಬಾಗಿಲು ತಟ್ಟುತ್ತಿದ್ದದ್ದು ಸರಿಯಾಗಿ ಈ ಸಂಧಿಕಾಲದಲ್ಲಿ. ಕೊನೆಗೆ ಮುಂಬೈನಲ್ಲಿ ಅವರ ಹಾಡು ಕೇಳಿದ ಹಿಂದಿ ಚಿತ್ರರಂಗದ ಸಂಗೀತ ನಿರ್ದೇಶಕ ಜೋಡಿ ವಿಶಾಲ್-ಶೇಖರ್ ತಮ್ಮ ಸಂಸ್ಥೆಯ ಮೂಲಕ 2008ರಲ್ಲಿ ಮೊದಲ ಆಲ್ಬಮ್ ಹೊರತಂದರು. ಅದರಲ್ಲಿ ‘ಮೈಸೂರ್ ಸೆ ಆಯಿ’ ಇತ್ತು – ಮೈಸೂರಿನ ಹೆಸರು ಹೊತ್ತ ಹಾಡು, ಆದರೆ ಹಿಂದಿಯಲ್ಲಿ. ಹಾಗೆಂದು ಕನ್ನಡಕ್ಕೆ ಕೊರತೆಯಿರಲಿಲ್ಲ. ಶರೀಫರ ‘ಗುಡುಗುಡಿಯ ಸೇದಿ ನೋಡೊ’, ‘ಸೋರುತಿಹುದು ಮನೆಯ ಮಾಳಿಗಿ’ ಎರಡೂ ಅಲ್ಲಿದ್ದವು. ಅಶ್ವತ್ಥರ ಧಾಟಿ ಕಿವಿಯಲ್ಲಿ ನೆಟ್ಟಿದ್ದ ಹಿರಿಯರು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಶರೀಫರ ಪದಗಳು ಯಾರ ಸ್ವತ್ತೂ ಅಲ್ಲ. ಕಾನೂನಿನ ದೃಷ್ಟಿಯಿಂದಲೂ ಹಾಗೆಯೇ. ಕೃತಿಕಾರ ಕಾಲವಾಗಿ 60 ವರ್ಷ ಕಳೆದರೆ ಪದ ಸರ್ವರದ್ದು, ಹೊಸದಾಗಿ ಕಟ್ಟಿದ ಧಾಟಿ ಮಾತ್ರ ಕಟ್ಟಿದವನದ್ದು.

ಮುಂದಿನದು ವೇಗವಾಗಿ ನಡೆಯಿತು. 2010ರಲ್ಲಿ ಬಿಬಿಸಿಯ ‘ಲೇಟರ್ ವಿತ್ ಜೂಲ್ಸ್ ಹಾಲೆಂಡ್’ ಕಾರ್ಯಕ್ರಮದಲ್ಲಿ ಅವಕಾಶ. ಬೆನ್ನಲ್ಲೇ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಮೇಲೇರಿತು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಶ್ರೇಷ್ಠ ಹೊಸಬ ಪ್ರಶಸ್ತಿ. ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವ. ಅರ್ಥ ತಿಳಿಯದ ಸಾವಿರಾರು ಮಂದಿ ಶಿಶುನಾಳದ ಪದಕ್ಕೆ ಕುಣಿದರು. ಇದನ್ನು ಕನ್ನಡದ ಜಗತ್ಪ್ರಸಿದ್ಧಿ ಎಂದು ಸಂಭ್ರಮಿಸಿದ್ದು ತಪ್ಪಲ್ಲ. ಆದರೆ ಕುಣಿದವರಿಗೆ ತತ್ವಪದ ಒಂದು ಲಯವಾಗಿ ಒದಗಿತು. ತತ್ವ ಒದಗಬೇಕಾದದ್ದು ಇಲ್ಲಿನವರಿಗೆ, ಮತ್ತು ಇಲ್ಲಿನವರಿಗೆ ಆ ಹಾಡು ಮುಟ್ಟಲು ಬೇರೆಯೇ ವಾಹನ ಬೇಕಾಯಿತು.

ಆ ವಾಹನ ಸಿನಿಮಾ. 2008ರಲ್ಲೇ ಬಂದ ‘ಸೈಕೋ’ ಚಿತ್ರದ ‘ನಿನ್ನ ಪೂಜೆಗೆ ಬಂದೆ ಮಾದೇಶ್ವರ’ ಹಾಡು ಕರ್ನಾಟಕದ ಮೂಲೆಮೂಲೆಗೆ ಅವರ ಕಂಠವನ್ನು ತಲುಪಿಸಿತು. ಚಿತ್ರ ಮರೆತುಹೋದರೂ ಹಾಡು ಉಳಿಯಿತು. ಆಟೊಗಳಲ್ಲಿ, ಮದುವೆಮನೆಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ ಕೇಳಿಸಿದ್ದು ಲಂಡನ್ ಮೆಚ್ಚಿದ ಆಲ್ಬಮ್‌ಗಿಂತ ಈ ಹಾಡೇ ಹೆಚ್ಚು. ನಂತರ ಸುದೀಪ್ ನಿರ್ದೇಶನದ ‘ಜಸ್ಟ್ ಮಾತ್ ಮಾತಲ್ಲಿ’ (2010), ಹಿಂದಿಯ ‘ಬೇವಕೂಫಿಯಾಂ’ (2014), 2020ರಲ್ಲಿ ಯಶಸ್ಸು ಕಂಡ ‘ಲವ್ ಮಾಕ್‌ಟೇಲ್’ ಬಂದವು. ಎರಡನೇ ಸ್ವತಂತ್ರ ಆಲ್ಬಮ್ ‘ಜಗ್ ಚಂಗಾ’ 2013ರಲ್ಲಿ ಬಂತು. ಮೊದಲನೆಯದರಷ್ಟು ಸದ್ದು ಮಾಡಲಿಲ್ಲ. ಸ್ವತಂತ್ರ ಗಾಯಕನೆಂದು ಹೆಸರಾದವನ ಬದುಕಿನಲ್ಲೂ ಚಿತ್ರಸಂಗೀತಕ್ಕೆ ಇಷ್ಟು ದೊಡ್ಡ ಪಾಲು ಇರಬೇಕಾಗಿ ಬಂದದ್ದನ್ನು ವೈಯಕ್ತಿಕ ಆಯ್ಕೆ ಎಂದಷ್ಟೇ ಓದುವುದು ಸರಿಯಾಗದು. ಡಿಆಂಜೆಲೊ ಎರಡನೇ ಮತ್ತು ಮೂರನೇ ಆಲ್ಬಮ್‌ಗಳ ನಡುವೆ 14 ವರ್ಷ ಕಳೆದರೂ ಕೇಳುಗರು ಕಾದಿದ್ದರು. ಕನ್ನಡದಲ್ಲಿ ಅಂಥ ಮೌನಕ್ಕೆ ಬಾಡಿಗೆ ಕಟ್ಟುವವರು ಯಾರು?

ಈ ವೃತ್ತಾಂತದಲ್ಲಿ 2018ನ್ನು ಹಾರಿಸಿ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ಆ ವರ್ಷದ ಅಕ್ಟೋಬರಿನಲ್ಲಿ, ‘ಮೀ ಟೂ’ ಅಭಿಯಾನದ ಸಂದರ್ಭದಲ್ಲಿ, ಮಹಿಳೆಯರ ಆರೋಪಗಳನ್ನು ಗಾಯಕಿ ಚಿನ್ಮಯಿ ಶ್ರೀಪಾದ ಬಹಿರಂಗಪಡಿಸಿದರು. ದೀಕ್ಷಿತ್ ಒಂದು ಘಟನೆಯ ಬಗ್ಗೆ ಸಾರ್ವಜನಿಕವಾಗಿ ಕ್ಷಮೆ ಯಾಚಿಸಿದರು. ತಾನು ಸನ್ನಿವೇಶವನ್ನು ತಪ್ಪಾಗಿ ಅರ್ಥೈಸಿಕೊಂಡೆ ಎಂಬ ಅವರ ವಿವರಣೆಯೂ ಟೀಕೆಗೆ ಗುರಿಯಾಯಿತು. ಹಾಡು ಬೇರೆ, ಹಾಡುಗಾರ ಬೇರೆ ಎಂಬ ಸುಲಭದ ಉತ್ತರ ಇಲ್ಲಿ ಸಾಲದು. ಸ್ವತಂತ್ರ ಸಂಗೀತದಲ್ಲಿ ತಂಡ, ಕಚೇರಿ, ಹೆಸರು ಎಲ್ಲವೂ ಒಬ್ಬ ವ್ಯಕ್ತಿಯೇ. ಅವನ ಎದುರು ನಿಂತು ದೂರು ಹೇಳಬೇಕಾದ ಯುವಗಾಯಕಿಗೆ ಸಂಘವಿಲ್ಲ, ಸಮಿತಿಯಿಲ್ಲ. ಚಿತ್ರರಂಗದಲ್ಲೇ ದುರ್ಬಲವಾಗಿರುವ ಈ ವ್ಯವಸ್ಥೆ ಚಿತ್ರರಂಗದ ಹೊರಗೆ ಇಲ್ಲವೇ ಇಲ್ಲ ಎನ್ನಬಹುದು. ದೀಕ್ಷಿತ್ ಅವರ ಕಾರ್ಯಕ್ರಮಗಳು ಮುಂದುವರಿದವು, ಆ ಪ್ರಶ್ನೆ ಅಲ್ಲೇ ಉಳಿಯಿತು.

2023ರ ಜನವರಿಯಲ್ಲಿ ತೆರೆಕಂಡ ‘ಆರ್ಕೆಸ್ಟ್ರಾ ಮೈಸೂರು’ ಈ ಸರಣಿಯಲ್ಲಿ ವಿಶೇಷವಾಗಿ ನೆನೆಯಬೇಕಾದ ಚಿತ್ರ. ಸುನೀಲ್ ಮೈಸೂರು ನಿರ್ದೇಶನ, ಪೂರ್ಣಚಂದ್ರ ಮೈಸೂರು ನಾಯಕ, ಸಂಗೀತ ರಘು ದೀಕ್ಷಿತ್. ಕಥೆ ಗಣೇಶೋತ್ಸವದ ವೇದಿಕೆಗಳಲ್ಲಿ ಚಿತ್ರಗೀತೆ ಹಾಡುವ ವಾದ್ಯಗೋಷ್ಠಿಯವರ ಸುತ್ತಲಿನದು. ಬೇರೆಯವರ ಹಾಡನ್ನು ಬೇರೆಯವರ ಕಂಠದಂತೆಯೇ ಹಾಡಿದರೆ ಮಾತ್ರ ಸಂಭಾವನೆ ಎಂಬ ಲೋಕ ಅದು. ಮೈಸೂರಿನ ಎಷ್ಟೋ ಗಾಯಕರಿಗೆ ಮೊದಲ ಮೈಕು ಸಿಕ್ಕಿದ್ದು ಅಲ್ಲೇ, ಮತ್ತು ಅಲ್ಲಿಂದ ಸ್ವಂತ ಹಾಡಿಗೆ ದಾಟಲು ಮೆಟ್ಟಿಲುಗಳಿಲ್ಲ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಪರಿಸ್ಥಿತಿ ಬದಲಾಗಿಲ್ಲವೇ? ಒಂದಿಷ್ಟು ಬದಲಾಗಿದೆ. ಈಗ ಕಂಪನಿಯ ಹಂಗಿಲ್ಲದೆ ಮನೆಯ ಕೋಣೆಯಿಂದಲೇ ಹಾಡನ್ನು ಲೋಕಕ್ಕೆ ಬಿಡಬಹುದು. 2012ರ ಹಕ್ಕುಸ್ವಾಮ್ಯ ತಿದ್ದುಪಡಿ ಗೀತರಚನೆಕಾರ ಮತ್ತು ಸಂಗೀತ ಸಂಯೋಜಕರಿಗೆ ಗೌರವಧನದ ಪಾಲನ್ನು ಖಚಿತಪಡಿಸಿದೆ. ಆದರೂ ಹೊರನಾಡಿನ ದಾರಿ ಮುಗಿದಿಲ್ಲ. ಬೆಂಗಳೂರಿನ ಗಾಯಕಿ, ಕೊಳಲುವಾದಕಿ ವಾರಿಜಶ್ರೀ ವೇಣುಗೋಪಾಲ್ ಅವರ 2024ರ ‘ವಾರಿ’ ಆಲ್ಬಮ್ ನಿರ್ಮಿಸಿದ್ದು ಅಮೆರಿಕದ ‘ಸ್ನಾರ್ಕಿ ಪಪ್ಪಿ’ ತಂಡದ ಮೈಕಲ್ ಲೀಗ್. ನಿಯೋ ಸೋಲ್ ಮತ್ತು ಜಾಜ್ ಒಂದಕ್ಕೊಂದು ತಾಗುವ ವಲಯ ಅದು. ಜೇಕಬ್ ಕಾಲಿಯರ್, ಅನೌಷ್ಕಾ ಶಂಕರ್ ಜೊತೆ ವಾರಿಜಶ್ರೀ ಹಾಡಿದ ಹಾಡು 2025ರ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತ್ತು. ಅದೇ ವರ್ಷ ದೀಕ್ಷಿತ್-ವಾರಿಜಶ್ರೀ ವಿವಾಹವೂ ಸುದ್ದಿಯಾಯಿತು. ಆ ಸುದ್ದಿಗೆ ಸಿಕ್ಕ ಜಾಗ ಆ ಆಲ್ಬಮ್ಮಿಗೆ ಸಿಕ್ಕಿತ್ತೇ ಎಂಬುದನ್ನು ಓದುಗರೇ ನೆನಪಿಸಿಕೊಳ್ಳಬಹುದು.

ಅರಮನೆಯ ಖಜಾನೆ ಹೋಗಿ ಸರ್ಕಾರದ ದಸರಾ ಬಂದಿದೆ. 2024ರ ಯುವ ದಸರಾ ಉತ್ತನಹಳ್ಳಿ ಬಳಿಯ ಬಯಲಿನಲ್ಲಿ ನಡೆದಾಗ ಅತಿಥಿಗಳಾಗಿದ್ದವರು ಶ್ರೇಯಾ ಘೋಷಾಲ್, ರವಿ ಬಸ್ರೂರು, ಬಾದ್‌ಶಾ, ಎ.ಆರ್. ರೆಹಮಾನ್, ಇಳಯರಾಜ. ಐದು ರಾತ್ರಿ, ಐದು ಹೆಸರು. ಬಹುಪಾಲು ಚಿತ್ರಸಂಗೀತದ್ದೇ ಭರಾಟೆ. ಅವರ ಪ್ರತಿಭೆಯನ್ನು ಪ್ರಶ್ನಿಸುವವರಿಲ್ಲ; ಬಯಲು ತುಂಬಿಸಲು ದೊಡ್ಡ ಹೆಸರು ಬೇಕೆಂಬ ಅಧಿಕಾರಿಗಳ ವಾದವೂ ಅರ್ಥವಾಗುವಂಥದ್ದು. ಆದರೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದ ಯುವ ಸಂಭ್ರಮದಲ್ಲಿ ಕಾಲೇಜು ತಂಡಗಳು ಕುಣಿಯುವುದೂ ಹೆಚ್ಚಾಗಿ ಧ್ವನಿಮುದ್ರಿತ ಹಾಡುಗಳಿಗೇ. ತಾವೇ ಬರೆದು, ತಾವೇ ಧಾಟಿ ಕಟ್ಟಿ, ತಾವೇ ನುಡಿಸುವ ಕನ್ನಡ ತಂಡಗಳಿಗೆ ಒಂದು ಸಂಜೆಯನ್ನು ಮೀಸಲಿಡಲು ತಗಲುವ ವೆಚ್ಚ, ತಾರೆಯೊಬ್ಬರ ಸಂಭಾವನೆಯ ಮುಂದೆ ಅತ್ಯಲ್ಪ. ದಸರಾ ಉಪಸಮಿತಿಗಳು ಪ್ರತಿವರ್ಷ ಹೊಸದಾಗಿ ರಚನೆಯಾಗುತ್ತವೆ, ಕಲಾವಿದರ ಪಟ್ಟಿಯೂ ಪ್ರತಿವರ್ಷ ಹೊಸದಾಗಿಯೇ ಸಿದ್ಧವಾಗುತ್ತದೆ.