ವೀಸಾ ತಯಾರಿ ಅಂಕಪಟ್ಟಿಯಿಂದಲೇ ಶುರು

ಅಮೆರಿಕದ ವಿಶ್ವವಿದ್ಯಾಲಯದಿಂದ ಪ್ರವೇಶಪತ್ರ ಬಂದ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಮರುದಿನದಿಂದ ವೀಸಾ ಚಿಂತೆ. ಸಂದರ್ಶನಕ್ಕೆ ಯಾವ ಬಣ್ಣದ ಅಂಗಿ ಹಾಕಬೇಕು, ಯಾವ ಕಿಟಕಿಯ ಅಧಿಕಾರಿ ಹೆಚ್ಚು ಪ್ರಶ್ನೆ ಕೇಳುತ್ತಾರೆ, ಯಾವ ದೇವರಿಗೆ ಹರಕೆ ಹೊತ್ತರೆ ಒಳ್ಳೆಯದು, ಹೀಗೆ ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಹರಕೆಗೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಅದರ ಜೊತೆಗೆ ಮಾಡಲೇಬೇಕಾದ ಕೆಲವು ಕೆಲಸಗಳಿವೆ. ಅವುಗಳಲ್ಲಿ ಮೊದಲನೆಯದು ಹತ್ತನೆಯ ತರಗತಿಯಲ್ಲೇ ಆಗಬೇಕಾದದ್ದು.

ಕಾನೂನು ಏನು ಹೇಳುತ್ತದೆ?

ವಿದ್ಯಾರ್ಥಿಗಳಿಗೆ ಅಮೆರಿಕ ಕೊಡುವ ಎಫ್-1 ವೀಸಾ ತಾತ್ಕಾಲಿಕವಾದದ್ದು. ಓದಲು ಬನ್ನಿ, ಓದು ಮುಗಿದ ಮೇಲೆ ಹೊರಡಿ ಎಂಬುದು ಅದರ ತಿರುಳು. ಆ ದೇಶದ 1952ರ ವಲಸೆ ಮತ್ತು ಪೌರತ್ವ ಕಾಯ್ದೆಯ 214(ಬಿ) ಕಲಮು ಇಂಥ ವೀಸಾ ಕೇಳುವವರನ್ನು ಅಲ್ಲೇ ನೆಲೆಸಲು ಬರುತ್ತಿರುವವರೆಂದೇ ಮೊದಲಿಗೆ ಭಾವಿಸುತ್ತದೆ. ಹಾಗಲ್ಲವೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡುವ ಹೊಣೆ ಅರ್ಜಿದಾರರದು. ಆದ್ದರಿಂದ ಕಿಟಕಿಯ ಆಚೆಗಿನವರು ಸಂಶಯದಿಂದ ನೋಡಿದರೆ ಅವಮಾನವೆಂದು ತಿಳಿಯಬೇಕಾಗಿಲ್ಲ. ಕಾನೂನು ಅವರಿಗೆ ವಹಿಸಿರುವ ಕೆಲಸವೇ ಅದು.

ಹೆಸರಿನ ಗೊಂದಲ

ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಸ್ವಂತ ಹೆಸರು. ಶಾಲೆಯಲ್ಲಿ ‘ಎಚ್.ಎಸ್. ಮಂಜುನಾಥ’ ಆದವನು ಪಿಯುಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ್ ಎಚ್.ಎಸ್.’ ಆಗುತ್ತಾನೆ, ಆಧಾರ್‌ನಲ್ಲಿ ‘ಮಂಜುನಾಥ ಶಿವಪ್ಪ’ ಆಗುತ್ತಾನೆ. ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಕಡೆ ಒಂದಕ್ಷರ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ.

ಪಾಸ್‌ಪೋರ್ಟಿನಲ್ಲಿ ಮಾತ್ರ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಹೆಸರಿಗೊಂದು, ಉಪನಾಮಕ್ಕೊಂದು ಅಂಕಣವಿರುತ್ತದೆ. ಉಪನಾಮದ ಅಂಕಣ ಖಾಲಿ ಬಿಟ್ಟರೂ ಪಾಸ್‌ಪೋರ್ಟ್ ಸಿಗುತ್ತದೆ, ತೊಡಕು ಆಮೇಲೆ. ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಉಪನಾಮದ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂದು ಬೀಳುತ್ತದೆ. ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಅದರ ಅರ್ಥ! ತಾತನ ಹೆಸರನ್ನು ಪ್ರೀತಿಯಿಂದ ಇಟ್ಟ ಮಗ ಅಲ್ಲಿನ ಕಾಗದಪತ್ರಗಳಲ್ಲಿ ಹೆಸರಿಲ್ಲದವನಾಗುತ್ತಾನೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮೊದಲು ಶಾಲೆಯಲ್ಲಿ ನಾಮಿನಲ್ ರೋಲ್ ತೋರಿಸಿ, ಹೆಸರು, ಜನ್ಮದಿನಾಂಕ ಸರಿಯಿದೆಯೇ ನೋಡಿ ಎಂದು ಕೇಳುತ್ತೇವೆ. ಬಹಳ ಮಂದಿ ಪಾಲಕರು ಓದದೆಯೇ ತಲೆಯಾಡಿಸುತ್ತಾರೆ. ಅಂದು ಎರಡು ನಿಮಿಷದಲ್ಲಿ ಮುಗಿಯುವ ತಿದ್ದುಪಡಿಗೆ ಮುಂದೆ ಮುಖ್ಯೋಪಾಧ್ಯಾಯರ ಮೂಲಕ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಗೆ ಅರ್ಜಿ ಹಾಕಿ ಕಾಯಬೇಕಾಗುತ್ತದೆ. ವಿದೇಶದ ಯೋಚನೆ ಇರಲಿ, ಇಲ್ಲದಿರಲಿ, ಎಲ್ಲ ದಾಖಲೆಗಳಲ್ಲೂ ಒಂದೇ ಹೆಸರಿರುವುದು ಕ್ಷೇಮ.

ರೆಕಾರ್ಡ್ ಮತ್ತು ವೈವಾ

ಪ್ರವೇಶ ಖಚಿತವಾಗಿ, ಕನಿಷ್ಠ ಮೊದಲ ವರ್ಷದ ಖರ್ಚಿಗೆ ಹಣವಿದೆಯೆಂದು ತೋರಿಸಿದ ಮೇಲೆ ವಿಶ್ವವಿದ್ಯಾಲಯವು ಐ-20 ಎಂಬ ಪತ್ರ ಕಳುಹಿಸುತ್ತದೆ. ಆಮೇಲೆ ಸೆವಿಸ್ ಶುಲ್ಕ 350 ಡಾಲರ್ ಕಟ್ಟಬೇಕು. ವೀಸಾ ಅರ್ಜಿಯ ಮೂಲ ಶುಲ್ಕವನ್ನು 2023ರ ಜೂನ್‌ನಲ್ಲಿ 185 ಡಾಲರಿಗೆ ಏರಿಸಲಾಯಿತು. ವೀಸಾ ಸಿಗದಿದ್ದರೆ ಈ ಹಣ ವಾಪಸು ಬರುವುದಿಲ್ಲ. ದರಗಳು ಬದಲಾಗುವುದರಿಂದ ಕಟ್ಟುವ ದಿನ ಅಧಿಕೃತ ಜಾಲತಾಣದಲ್ಲೇ ನೋಡಿಕೊಳ್ಳಿ.

ಮುಂದಿನದು ಡಿಎಸ್-160 ಎಂಬ ಅರ್ಜಿ. ವಿಜ್ಞಾನದ ವಿದ್ಯಾರ್ಥಿಗಳಿಗೆ ತಿಳಿಯುವ ಹಾಗೆ ಹೇಳುವುದಾದರೆ, ಈ ಅರ್ಜಿಯೇ ಪ್ರಾಕ್ಟಿಕಲ್ ರೆಕಾರ್ಡ್, ಸಂದರ್ಶನವೇ ವೈವಾ. ಗೆಳೆಯನ ರೆಕಾರ್ಡ್ ನೋಡಿ ನಕಲು ಮಾಡಿದವನು ವೈವಾದಲ್ಲಿ ಏನಾಗುತ್ತಾನೆಂದು ನಿಮಗೆ ಗೊತ್ತಿದೆ. ಅರ್ಜಿಯನ್ನು ಏಜೆಂಟರ ಕೈಗೆ ಕೊಟ್ಟು ಸುಮ್ಮನಾಗಬೇಡಿ. ತುಂಬುವವರು ಯಾರೇ ಆಗಲಿ, ಪ್ರತಿ ಸಾಲಿಗೂ ಜವಾಬ್ದಾರಿ ನಿಮ್ಮದೇ. ಅಣ್ಣ ಅಮೆರಿಕದಲ್ಲಿದ್ದರೆ ಇದ್ದಾನೆಂದೇ ಬರೆಯಿರಿ. ಹಿಂದೊಮ್ಮೆ ವೀಸಾ ನಿರಾಕರಣೆಯಾಗಿದ್ದರೆ ಅದನ್ನೂ ಬರೆಯಿರಿ. ಕಳೆದ ಐದು ವರ್ಷಗಳಲ್ಲಿ ಬಳಸಿದ ಸಾಮಾಜಿಕ ಜಾಲತಾಣಗಳ ಖಾತೆಗಳನ್ನು 2019ರಿಂದ ಈ ಅರ್ಜಿಯಲ್ಲಿ ಕೇಳುತ್ತಿದ್ದಾರೆ. ವಿದ್ಯಾರ್ಥಿ ವೀಸಾದವರು ಆ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕೆಂದು 2025ರ ಜೂನ್‌ನಲ್ಲಿ ಸೂಚನೆ ಬಂತು.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ದೂತಾವಾಸ ತೆರೆಯಿತಾದರೂ ವೀಸಾ ಕೆಲಸ ಅಂದೇ ಶುರುವಾಗಲಿಲ್ಲ. ನಮ್ಮ ಮಕ್ಕಳು ಬಹುಕಾಲದಿಂದ ಸಂದರ್ಶನಕ್ಕೆಂದು ಚೆನ್ನೈ, ಹೈದರಾಬಾದುಗಳ ಹಾದಿ ಹಿಡಿದವರು. ಇಷ್ಟು ದೂರ ಹೋಗಿ ಕಿಟಕಿಯ ಮುಂದೆ ನಿಂತರೆ ಮಾತುಕತೆ ಎರಡು ಮೂರು ನಿಮಿಷಕ್ಕೇ ಮುಗಿಯುವುದುಂಟು. ಈ ಕೋರ್ಸ್ ಏಕೆ, ಈ ವಿಶ್ವವಿದ್ಯಾಲಯ ಏಕೆ, ಹಣ ಯಾರು ಕೊಡುತ್ತಾರೆ, ಓದಿದ ಮೇಲೆ ಏನು ಮಾಡುತ್ತೀರಿ, ಇವು ಸಾಮಾನ್ಯವಾಗಿ ಬರುವ ಪ್ರಶ್ನೆಗಳು. ‘ಅದು ಒಳ್ಳೆಯ ವಿಶ್ವವಿದ್ಯಾಲಯ, ರ್‍ಯಾಂಕ್ ಚೆನ್ನಾಗಿದೆ’ ಎಂಬ ಉತ್ತರವನ್ನು ಆ ಅಧಿಕಾರಿ ಅಂದು ಬೆಳಗಿನಿಂದ ಎಷ್ಟು ಬಾರಿ ಕೇಳಿರುತ್ತಾರೋ! ‘ಕೊನೆಯ ವರ್ಷದಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ತೆಗೆಯುವ ಪ್ರಾಜೆಕ್ಟ್ ಮಾಡಿದೆ, ನೀರಿನ ಶುದ್ಧೀಕರಣವನ್ನೇ ಮುಂದೆ ಓದಬೇಕು, ಆ ವಿಷಯ ಈ ಕೋರ್ಸಿನಲ್ಲಿದೆ’ ಎಂಬುದು ಆ ಕೆಲಸ ಮಾಡಿದವನೇ ಹೇಳಬಲ್ಲ ಉತ್ತರ. ಅದಕ್ಕೆ ಬಾಯಿಪಾಠ ಬೇಡ.

ಹಣದ ಮಾತು

ಪಾಲಕರಿಗೆ ಮುಖ್ಯವಾಗಿ ಹೇಳಬೇಕಾದದ್ದು ಇಲ್ಲಿದೆ. ಮನೆಯ ಹಣಕಾಸನ್ನು ಮಕ್ಕಳಿಗೆ ಹೇಳದಿರುವುದು ನಮ್ಮ ರೂಢಿ. ‘ನೀನು ಓದು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎನ್ನುತ್ತೇವೆ. ತೋಟ ಅಡವಿಟ್ಟದ್ದು, ಸೋದರಮಾವ ಕೈಗಡ ಕೊಟ್ಟದ್ದು ಯಾವುದೂ ಮಗಳಿಗೆ ಗೊತ್ತಿರುವುದಿಲ್ಲ. ಪ್ರೀತಿಯಿಂದ ಮುಚ್ಚಿಟ್ಟ ಈ ವಿಷಯವನ್ನೇ ಅಧಿಕಾರಿ ಕೇಳುವುದು. ತಂದೆತಾಯಿ ಹೊರಗೆ ರಸ್ತೆಯ ಬದಿಯಲ್ಲಿ ಕಾಯುತ್ತಿರುತ್ತಾರೆ, ಉತ್ತರ ಹೇಳಬೇಕಾದವಳು ಒಳಗೆ ಒಬ್ಬಳೇ ನಿಂತಿರುತ್ತಾಳೆ. ತನ್ನ ಓದಿಗೆ ಹಣ ಎಲ್ಲಿಂದ ಬರುತ್ತದೆಂದು ತಿಳಿಯದೆ ತಡವರಿಸಿದರೆ ಆ ತಪ್ಪು ಯಾರದು?

ಒಂದು ಸಂಜೆ ಎಲ್ಲರೂ ಕೂತು ಲೆಕ್ಕ ಮಾಡಿ. ಐ-20ರಲ್ಲಿ ವರ್ಷದ ಖರ್ಚು 40,000 ಡಾಲರ್ ಎಂದಿದೆಯೆನ್ನಿ. ಡಾಲರಿಗೆ 90 ರೂಪಾಯಿಯಂತೆ ಹಿಡಿದರೆ 36 ಲಕ್ಷ, ಎರಡು ವರ್ಷಕ್ಕೆ 72 ಲಕ್ಷ. ಡಾಲರ್ ಐದು ರೂಪಾಯಿ ಏರಿದರೆ ಇನ್ನೂ 4 ಲಕ್ಷ. ‘ಅಲ್ಲಿ ದುಡಿದು ತೀರಿಸುತ್ತೇನೆ’ ಎಂಬ ಮಾತು ನಡೆಯುವುದಿಲ್ಲ. ತರಗತಿಗಳು ನಡೆಯುವಾಗ ಕ್ಯಾಂಪಸ್ಸಿನೊಳಗೆ ವಾರಕ್ಕೆ 20 ಗಂಟೆಯಷ್ಟೇ ದುಡಿಯಲು ಅವಕಾಶ. ಬ್ಯಾಂಕ್ ಸಾಲದ ಮಂಜೂರಾತಿ ಪತ್ರ, ಠೇವಣಿ, ಆದಾಯ ತೆರಿಗೆಯ ರಿಟರ್ನ್ಸ್ ಜೋಡಿಸಿಡಿ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲದ್ದರಿಂದ ರೈತ ಕುಟುಂಬದವರು ಪಹಣಿಯ ಜೊತೆಗೆ ಅಡಿಕೆಯನ್ನೋ ಕಾಫಿಯನ್ನೋ ಮಾರಿದ ರಸೀದಿ, ಹಣ ಜಮೆಯಾದ ಪಾಸ್‌ಬುಕ್ ಇಟ್ಟುಕೊಳ್ಳಬೇಕು.

‘ನಿಮ್ಮ ಖಾತೆಗೆ ಒಂದು ತಿಂಗಳು ಹಣ ಹಾಕಿಸುತ್ತೇವೆ, ವೀಸಾ ಆದ ಮೇಲೆ ತೆಗೆದುಕೊಳ್ಳುತ್ತೇವೆ’ ಎಂದು ಹೇಳಿಕೊಂಡು ಬರುವವರಿದ್ದಾರೆ. ಅವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ. ಸುಳ್ಳು ದಾಖಲೆ ಕೊಟ್ಟು ವೀಸಾ ಪಡೆಯಲು ಯತ್ನಿಸಿದವರನ್ನು ಅನರ್ಹರೆನ್ನುವ ಕಲಮು ಅದೇ ಕಾಯ್ದೆಯಲ್ಲಿದೆ, ಆ ಅನರ್ಹತೆಗೆ ಇಷ್ಟು ವರ್ಷ ಎಂಬ ಮಿತಿಯಿಲ್ಲ. ಏಜೆಂಟ್ ತನ್ನ ಕಮಿಷನ್ ಎಣಿಸಿಕೊಂಡು ಹೋಗುತ್ತಾನೆ. ಇಪ್ಪತ್ತೆರಡರ ಹುಡುಗ ಬಾಳಿಡೀ ಆ ಕಲೆ ಹೊತ್ತಿರಬೇಕು. ಲೆಕ್ಕ ಕೂಡಿಬರದಿದ್ದರೆ ಒಂದು ವರ್ಷ ಮುಂದೂಡಿ, ಅಥವಾ ಖರ್ಚು ಕಡಿಮೆಯಿರುವ ಕಡೆ ನೋಡಿ. ನಮ್ಮ ದೇಶದಲ್ಲೂ ಒಳ್ಳೆಯ ಓದು ಇದೆ.

ನಿರಾಕರಣೆಯಾದರೆ

ಇಷ್ಟೆಲ್ಲ ಮಾಡಿದರೂ 214(ಬಿ) ಎಂದು ಬರೆದ ಚೀಟಿ ಕೈಗೆ ಬರಬಹುದು. ಇದಕ್ಕೆ ಮೇಲ್ಮನವಿಯಿಲ್ಲ, ಆದರೆ ಶಾಶ್ವತ ನಿಷೇಧವೂ ಅಲ್ಲ. ಮತ್ತೆ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ಅದಕ್ಕೆ ಮೊದಲು ಏನು ಬದಲಾಗಿದೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಅದೇ ಕಾಗದ, ಅದೇ ಉತ್ತರ ಹಿಡಿದು ಹೋದರೆ ಫಲವೂ ಬಹುಶಃ ಅದೇ. ಪಾಲಕರಲ್ಲಿ ಒಂದು ವಿನಂತಿ: ಅಂದು ಮಕ್ಕಳನ್ನು ಬೈಯಬೇಡಿ, ನೆಂಟರ ಮಕ್ಕಳೊಡನೆ ಹೋಲಿಸಬೇಡಿ. ಆ ಚೀಟಿ ಅವರ ಬುದ್ಧಿಗೆ ಸಿಕ್ಕ ಅಂಕವಲ್ಲ.

ಈ ಭಾನುವಾರ ಒಂದು ಸಣ್ಣ ಕೆಲಸ ಮಾಡಿ. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಇದ್ದರೆ ಪಾಸ್‌ಪೋರ್ಟ್, ಎಲ್ಲವನ್ನೂ ಮೇಜಿನ ಮೇಲೆ ಹರಡಿ. ಮಗ ಅಥವಾ ಮಗಳ ಕೈಯಲ್ಲೇ ಹೆಸರು ಮತ್ತು ಜನ್ಮದಿನಾಂಕವನ್ನು ಅಕ್ಷರ ಅಕ್ಷರ ಓದಿಸಿ. ವ್ಯತ್ಯಾಸ ಕಂಡರೆ ಸೋಮವಾರ ಬೆಳಿಗ್ಗೆಯೇ ಶಾಲೆಗೆ ಬನ್ನಿ.